ವಿಎಂ ನಿಲ್ಲಿಸದೆ ಹೊಸ ವಿಸೆಂಟರ್‌ಗೆ: ಮೂರು ಪಾಳಿಯ ಕಾರ್ಖಾನೆಯ ಒಂದು ಪ್ರಕರಣ

ಇದು 2022ರ ಪ್ರಕರಣ. ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆ. ಕೆಲಸ ಮೂರು ಪಾಳಿಯಲ್ಲಿ ನಡೆಯುತ್ತದೆ, ಭಾನುವಾರವೂ ಯಂತ್ರ ನಿಲ್ಲುವುದಿಲ್ಲ. ಸರ್ವರ್ ಕೋಣೆಯಲ್ಲಿ 4 ಹೋಸ್ಟ್‌ಗಳು, ಅಂದರೆ ವಿಎಂವೇರ್ ಕಂಪನಿಯ ಇಎಸ್‌ಎಕ್ಸ್‌ಐ ಸಾಫ್ಟ್‌ವೇರ್ ಓಡುವ ಸರ್ವರ್‌ಗಳು. ಅವುಗಳ ಮೇಲೆ 80ರ ಆಸುಪಾಸು ವರ್ಚುವಲ್ ಮಶೀನ್‌ಗಳು (ವಿಎಂ), ಒಂದೇ ಸರ್ವರಿನೊಳಗೆ ಬೇರೆ ಬೇರೆ ಕಂಪ್ಯೂಟರ್‌ಗಳಂತೆ ಓಡುವಂಥವು. ಕಾರ್ಖಾನೆಯ ಲೆಕ್ಕ, ದಾಸ್ತಾನು ನೋಡುವ ಇಆರ್‌ಪಿ, ಅದರ ಡೇಟಾಬೇಸ್, ಲೇಬಲ್ ಪ್ರಿಂಟಿಂಗ್, ಹಾಜರಾತಿ, ಗೇಟಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಸಾಫ್ಟ್‌ವೇರ್, ಎಲ್ಲವೂ ಅಲ್ಲೇ. ಇವನ್ನೆಲ್ಲ ನೋಡಿಕೊಳ್ಳುತ್ತಿದ್ದದ್ದು ವಿಂಡೋಸ್ ಮೇಲೆ ಕೂತಿದ್ದ ಹಳೆಯ ವಿಸೆಂಟರ್ 6.5, ಎಲ್ಲ ಹೋಸ್ಟ್‌ಗಳನ್ನೂ ಒಂದೇ ಕಡೆಯಿಂದ ನಿರ್ವಹಿಸುವ ವಿಎಂವೇರ್ ಸಾಫ್ಟ್‌ವೇರ್. ನಮಗೆ ಬಂದ ಕೆಲಸ ಇಷ್ಟು: ಹೋಸ್ಟ್‌ಗಳನ್ನು ಹೊಸ ವಿಸೆಂಟರ್ 7.0ರ ಕೈಗೆ ಒಪ್ಪಿಸಬೇಕು, ಒಂದು ವಿಎಂ ಕೂಡ ನಿಲ್ಲಬಾರದು.

ಮೊದಲ ಸಭೆಯಲ್ಲೇ ಉತ್ಪಾದನಾ ವಿಭಾಗದ ಮ್ಯಾನೇಜರ್ ಕೇಳಿದರು: "ಸಾರ್, ಎಷ್ಟು ನಿಮಿಷ ಸಿಸ್ಟಮ್ ಇರಲ್ಲ ಅಂತ ಹೇಳಿಬಿಡಿ, ಪಾಳಿ ಬದಲಾಗೋ ಹೊತ್ತಿಗೆ ಹಾಕ್ಕೊಳ್ಳೋಣ." ಪ್ರಶ್ನೆ ಸಹಜವೇ. ವಿಸೆಂಟರ್ ಹೋದರೆ ಎಲ್ಲ ಹೋಯಿತು ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಈ ಕ್ಷೇತ್ರದಲ್ಲೇ ಇರುವ ಎಷ್ಟೋ ಜನರಿಗೂ ಹಾಗೇ ಅನ್ನಿಸುತ್ತದೆ. ಆದರೆ ವಿಎಂಗಳು ಓಡುವುದು ಹೋಸ್ಟ್‌ಗಳ ಮೇಲೆ. ವಿಸೆಂಟರ್ ಮೇಸ್ತ್ರಿ ಇದ್ದಂತೆ. ಮೇಸ್ತ್ರಿ ಆ ದಿನ ಬರದಿದ್ದರೂ ಗೋಡೆ ಕಟ್ಟುವವರು ಕಟ್ಟುತ್ತಲೇ ಇರುತ್ತಾರೆ, ಹೊಸ ಕೆಲಸ ಹಂಚುವವರು ಮಾತ್ರ ಇರುವುದಿಲ್ಲ. ವಿಸೆಂಟರ್ ಆಫ್ ಆದರೆ ವಿಮೋಷನ್ (ಓಡುತ್ತಿರುವ ವಿಎಂ ಅನ್ನು ನಿಲ್ಲಿಸದೆ ಬೇರೆ ಹೋಸ್ಟಿಗೆ ಸಾಗಿಸುವುದು) ಶುರು ಮಾಡಲು ಆಗುವುದಿಲ್ಲ, ಹೋಸ್ಟ್‌ಗಳ ನಡುವೆ ಹೊರೆ ಹಂಚುವ ಡಿಆರ್‌ಎಸ್ ಸುಮ್ಮನಾಗುತ್ತದೆ. ಒಂದು ಹೋಸ್ಟ್ ಬಿದ್ದರೆ ಅದರ ವಿಎಂಗಳನ್ನು ಬೇರೆ ಹೋಸ್ಟಿನಲ್ಲಿ ಎಬ್ಬಿಸುವ ಎಚ್‌ಎ ಮಾತ್ರ ಹೋಸ್ಟ್‌ಗಳೊಳಗಿನ ಏಜೆಂಟ್‌ಗಳ ಮೂಲಕ ತನ್ನ ಪಾಡಿಗೆ ನಡೆಯುತ್ತದೆ. ವಿಎಂಗಳಿಗೆ ಏನೂ ಗೊತ್ತಾಗುವುದೇ ಇಲ್ಲ.

ಹಾಗಾದರೆ ಅಪಾಯ ಎಲ್ಲಿ? ನಮ್ಮ ಲೆಕ್ಕದಲ್ಲಿ ಅದು ಇದ್ದದ್ದು ನೆಟ್‌ವರ್ಕ್‌ನಲ್ಲಿ. ವಿಸೆಂಟರ್ ಜೊತೆ ಅಂಟಿಕೊಂಡ ಡಿಸ್ಟ್ರಿಬ್ಯೂಟೆಡ್ ಸ್ವಿಚ್ (ಎಲ್ಲ ಹೋಸ್ಟ್‌ಗಳಿಗೂ ಹರಡಿದ, ಸಾಫ್ಟ್‌ವೇರಿನಲ್ಲೇ ಇರುವ ನೆಟ್‌ವರ್ಕ್ ಸ್ವಿಚ್) ಒಂದನ್ನು ಸರಿಯಾಗಿ ಬಿಡಿಸಿಕೊಂಡರೆ ಉಳಿದದ್ದು ತಾಳ್ಮೆಯ ಕೆಲಸ. ಹಾಗಾಗಿ ಇಡೀ ಯೋಜನೆಯ ಬಹುಪಾಲು ಸಮಯವನ್ನು ಅಲ್ಲೇ ಹಾಕಿದೆವು. ಈ ಬರಹದಲ್ಲೂ ಹೆಚ್ಚಿನ ಜಾಗ ಅದಕ್ಕೇ.

ಯಾಕೆ ಬದಲಾಯಿಸಬೇಕಿತ್ತು

ವಿಸೆಂಟರ್, ಇಎಸ್‌ಎಕ್ಸ್‌ಐ ಎರಡೂ ಸೇರಿದ ವಿಸ್ಫಿಯರ್‌ನ 6.5 ಮತ್ತು 6.7ರ ಸಾಮಾನ್ಯ ಬೆಂಬಲ 2022ರ ಅಕ್ಟೋಬರ್ 15ಕ್ಕೆ ಮುಗಿಯುತ್ತಿತ್ತು. ಅದೊಂದೇ ಕಾರಣ ಸಾಕಿತ್ತು. ಆದರೆ ದಿನನಿತ್ಯದ ಕಷ್ಟ ಬೇರೆಯೇ ಇತ್ತು. 6.5ರ ಪೂರ್ತಿ ಸೌಲಭ್ಯದ ವೆಬ್ ಕ್ಲೈಂಟ್ ಫ್ಲ್ಯಾಶ್ ಮೇಲೆ ನಿಂತಿತ್ತು. ಅಡೋಬಿ 2020ರ ಕೊನೆಗೆ ಫ್ಲ್ಯಾಶ್ ನಿಲ್ಲಿಸಿತು, 2021ರ ಜನವರಿ 12ರಿಂದ ಫ್ಲ್ಯಾಶ್ ಪುಟಗಳು ತೆರೆಯುವುದನ್ನೇ ತಡೆಯಿತು. ಉಳಿದದ್ದು ಎಚ್‌ಟಿಎಂಎಲ್5 ಕ್ಲೈಂಟ್. 6.5ರಲ್ಲಿ ಅದು ಇನ್ನೂ ಅರ್ಧಂಬರ್ಧ, ಡಿಸ್ಟ್ರಿಬ್ಯೂಟೆಡ್ ಸ್ವಿಚ್‌ನ ಎಷ್ಟೋ ಕೆಲಸಗಳು ಅದರಲ್ಲಿ ಇಲ್ಲ. ಹೀಗಾಗಿ ನೆಟ್‌ವರ್ಕ್ ಬದಲಾವಣೆ ಎಂದರೆ ಆದೇಶ ಬರೆದು ಕೆಲಸ ಮಾಡಿಸುವ ಪವರ್‌ಸಿಎಲ್‌ಐ ಒಂದೇ ದಾರಿ ಆಗಿತ್ತು. ಜೊತೆಗೆ 2021ರ ಫೆಬ್ರವರಿ ಮತ್ತು ಮೇ ತಿಂಗಳಲ್ಲಿ ವಿಸೆಂಟರಿನಲ್ಲಿ ಎರಡು ದೊಡ್ಡ ಭದ್ರತಾ ದೋಷಗಳು ಹೊರಬಿದ್ದಿದ್ದವು. ಎರಡರ ತೀವ್ರತೆಯೂ 10ಕ್ಕೆ 9.8. ಪಾಸ್‌ವರ್ಡ್ ಇಲ್ಲದೆ ಒಳಗೆ ನುಗ್ಗಬಹುದಾದಂಥವು. ಪ್ಯಾಚ್ ಬರುವುದೇ ನಿಂತುಹೋಗುವ ಆವೃತ್ತಿಯಲ್ಲಿ ಕೂತಿರುವುದು ಒಳ್ಳೆಯದಲ್ಲ, ಅಲ್ವಾ?

ಇದ್ದದ್ದನ್ನೇ ಮೇಲಕ್ಕೆ ಏರಿಸಬಹುದಿತ್ತಲ್ಲ ಎಂದು ಕೇಳಬಹುದು. ವಿಂಡೋಸ್ ವಿಸೆಂಟರನ್ನು ಅಪ್ಲಯನ್ಸ್‌ಗೆ (ಓಎಸ್ ಸಮೇತ ಸಿದ್ಧವಾಗಿ ಬರುವ ವಿಎಂಗೆ) ಬದಲಿಸುವ ಸಾಧನವನ್ನು ವಿಎಂವೇರ್ ಕೊಟ್ಟಿತ್ತು. 7.0ರಲ್ಲಿ ವಿಂಡೋಸ್ ಆವೃತ್ತಿಯೇ ಇಲ್ಲ, ಎಲ್ಲವೂ ಫೋಟಾನ್ ಓಎಸ್ ಮೇಲಿನ ಅಪ್ಲಯನ್ಸ್. ಆ ಸಾಧನ ಕೆಲಸ ಮಾಡುವ ಕಡೆ ಅದನ್ನೇ ಬಳಸಿ ಎಂದು ನಾನು ಹೇಳುತ್ತೇನೆ. ಫೋಲ್ಡರ್, ಅನುಮತಿ, ಸ್ವಿಚ್, ಎಲ್ಲವೂ ಹಾಗೇ ಬರುತ್ತವೆ. ಇಲ್ಲಿ ಅದು ಒಗ್ಗಲಿಲ್ಲ. ಲಾಗಿನ್ ನೋಡಿಕೊಳ್ಳುವ ಪಿಎಸ್‌ಸಿ ಬೇರೆ ವಿಎಂನಲ್ಲಿತ್ತು. ಹಿಂದೆ ಎಂದೋ ತೆಗೆದುಹಾಕಿದ ಇನ್ನೊಂದು ಪಿಎಸ್‌ಸಿಯ ಕುರುಹು ಅದರೊಳಗೆ ಉಳಿದುಕೊಂಡಿತ್ತು. ಪೂರ್ವ ಪರೀಕ್ಷೆ ಅಲ್ಲಿಗೇ ನಿಲ್ಲುತ್ತಿತ್ತು. ಕೆಲಸ ಬಿಟ್ಟು ಹೋದವರ ಖಾತೆಗಳಿಗೆ ಕೊಟ್ಟ ಅನುಮತಿಗಳೂ ರಾಶಿ ಬಿದ್ದಿದ್ದವು. ಹೊಸದನ್ನು ಪಕ್ಕದಲ್ಲೇ ಎಬ್ಬಿಸಿ ಹೋಸ್ಟ್‌ಗಳನ್ನು ಒಂದೊಂದಾಗಿ ದಾಟಿಸುವುದೇ ಸರಿ ಎನ್ನಿಸಿತು. ಇದರಲ್ಲಿ ಇನ್ನೊಂದು ಅನುಕೂಲ ಇದೆ. ಏನಾದರೂ ಎಡವಟ್ಟಾದರೆ ಹಳೆಯ ವಿಸೆಂಟರ್ ಪಕ್ಕದಲ್ಲೇ ಜೀವಂತ ಇರುತ್ತದೆ, ಹೋಸ್ಟನ್ನು ವಾಪಸ್ ಅದಕ್ಕೇ ಸೇರಿಸಬಹುದು.

ಎರಡು ವಿಸೆಂಟರ್‌ಗಳ ನಡುವೆ ಓಡುತ್ತಿರುವ ವಿಎಂಗಳನ್ನೇ ವಿಮೋಷನ್ ಮಾಡುವ ದಾರಿಯೂ ಇತ್ತು. 7.0 ಅಪ್‌ಡೇಟ್ 1ಸಿ ಬಂದ ಮೇಲೆ ಅದು ಪರದೆಯಿಂದಲೇ ಆಗುತ್ತದೆ. ಅದನ್ನು ಕೈಬಿಟ್ಟದ್ದು ಒಂದು ವಿಎಂ ಕಾರಣಕ್ಕೆ. ವೇಬ್ರಿಡ್ಜ್ ವಿಎಂಗೆ ಹೋಸ್ಟ್‌ನೊಳಗಿನ ಒಂದು ಸೀರಿಯಲ್ ಕಾರ್ಡನ್ನು ನೇರವಾಗಿ ಕೊಡಲಾಗಿತ್ತು. ಹಾಗೆ ಪಾಸ್‌ಥ್ರೂ ಮಾಡಿದ ವಿಎಂ ವಿಮೋಷನ್ ಆಗುವುದಿಲ್ಲ. ಅದು ಇದ್ದ ಹೋಸ್ಟನ್ನು ಖಾಲಿ ಮಾಡಲು ಸಾಧ್ಯವೇ ಇಲ್ಲ. ಲಾರಿಗಳು ರಾತ್ರಿಯೂ ಬರುತ್ತವೆ. ಆ ಹೋಸ್ಟನ್ನು ವಿಎಂ ಓಡುತ್ತಿರುವಾಗಲೇ ದಾಟಿಸಬೇಕು. ಒಂದಕ್ಕೆ ಹಾಗೆ ಮಾಡಲೇಬೇಕು ಎಂದ ಮೇಲೆ ಉಳಿದವಕ್ಕೂ ಅದೇ ವಿಧಾನ ಸಾಕು. ಮೊದಲ ಹೋಸ್ಟ್ ಒಂದನ್ನು ಮಾತ್ರ ಖಾಲಿ ಮಾಡಿ ಪರೀಕ್ಷೆಗೆ ಇಟ್ಟುಕೊಂಡೆವು.

ಮೊದಲ ಹೋಸ್ಟ್, ಮತ್ತು 24 ಗಂಟೆಯ ಕಾಯುವಿಕೆ

ಒಂದು ಹೋಸ್ಟಿನ ವಿಎಂಗಳನ್ನು ಉಳಿದ ಮೂರಕ್ಕೆ ವಿಮೋಷನ್ ಮಾಡಿ ಅದನ್ನು ಯಾವ ವಿಎಂ ಕೂಡ ಓಡದ ಮೇಂಟೆನೆನ್ಸ್ ಮೋಡ್‌ಗೆ ಹಾಕಿದೆವು. ಅದರ ನೆಟ್‌ವರ್ಕನ್ನು ಆ ಹೋಸ್ಟಿನೊಳಗೇ ಇರುವ ಸ್ಟ್ಯಾಂಡರ್ಡ್ ಸ್ವಿಚ್‌ಗೆ ತಂದು, ಹಳೆಯ ವಿಸೆಂಟರಿನಿಂದ ತೆಗೆದು, ಮೇಂಟೆನೆನ್ಸ್ ಮೋಡ್‌ನಿಂದ ಹೊರತಂದೆವು. ಆಮೇಲೆ ಹೊಸ ವಿಸೆಂಟರ್ ಅಪ್ಲಯನ್ಸನ್ನು ಆ ಹೋಸ್ಟಿನ ಐಪಿಗೇ ನೇರವಾಗಿ ಇಳಿಸಿದೆವು. ಗಾತ್ರ 'ಸ್ಮಾಲ್': 4 ಸಿಪಿಯು, 19 ಜಿಬಿ ಮೆಮೊರಿ. 'ಟೈನಿ' ಗಾತ್ರ 10 ಹೋಸ್ಟ್, 100 ವಿಎಂಗೆ ಎಂದು ಹೇಳುತ್ತದೆ. 80 ವಿಎಂ ಇರುವ ಕಡೆ ಅದು ತೀರಾ ಇಕ್ಕಟ್ಟು.

ಇಳಿಸುವ ಮುಂಚೆ ಡಿಎನ್‌ಎಸ್‌ನಲ್ಲಿ ಹೆಸರಿನಿಂದ ಐಪಿ, ಐಪಿಯಿಂದ ಹೆಸರು, ಎರಡೂ ಸರಿಯಾಗಿ ಬರುತ್ತವೆಯೇ ಎಂದು ನೋಡಿಕೊಳ್ಳಬೇಕು. ಇದು ಎಲ್ಲರಿಗೂ ಗೊತ್ತು. ಆದರೂ ಅಪ್ಲಯನ್ಸಿನ ಎರಡನೇ ಹಂತ ಮುರಿದುಬೀಳುವುದು ಬಹಳ ಸಲ ಇದೇ ಕಾರಣಕ್ಕೆ. ಗಡಿಯಾರ ಕೂಡ ಅಷ್ಟೇ ಮುಖ್ಯ. ಹೋಸ್ಟ್‌ಗಳು, ವಿಸೆಂಟರ್, ಡೊಮೇನ್ ಕಂಟ್ರೋಲರ್, ಎಲ್ಲಕ್ಕೂ ಸಮಯ ಹೇಳುವ ಎನ್‌ಟಿಪಿ ಸರ್ವರ್ ಒಂದೇ.

ವಿಸೆಂಟರ್ ಎದ್ದಿತು. ಹೋಸ್ಟ್ ಸೇರಿಸಲು ಹೋದಾಗ ತಡೆ ಬಂತು: ಹೋಸ್ಟಿಗೆ ಸಹಿ ಮಾಡಿದ ಸರ್ಟಿಫಿಕೇಟ್ ಸಿಗುತ್ತಿಲ್ಲ, 'ಸ್ಟಾರ್ಟ್ ಟೈಮ್ ಎರರ್', ಸಂಖ್ಯೆ 70034. ಹೊಸಬರು ಇದನ್ನು ನೋಡಿ ಗಾಬರಿಯಾಗುತ್ತಾರೆ, ಗಡಿಯಾರ ತಪ್ಪಿದೆ ಎಂದು ಹುಡುಕುತ್ತಾ ಕೂರುತ್ತಾರೆ. ಗಡಿಯಾರ ಸರಿಯಾಗಿಯೇ ಇರುತ್ತದೆ. ಹೋಸ್ಟ್‌ಗೆ ಕೊಡುವ ಸರ್ಟಿಫಿಕೇಟಿನ ಆರಂಭದ ಸಮಯವನ್ನು ವಿಸೆಂಟರ್ 24 ಗಂಟೆ ಹಿಂದಿನದು ಎಂದು ಬರೆಯುತ್ತದೆ. ಗಡಿಯಾರಗಳಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೂ ನಡೆಯಲಿ ಎಂಬ ಕಾರಣಕ್ಕೆ ಹಾಗೆ ಮಾಡಿದ್ದಾರೆ. ಆದರೆ ವಿಸೆಂಟರ್ ಹುಟ್ಟಿ ಇನ್ನೂ 24 ಗಂಟೆ ಆಗಿಲ್ಲ ಎಂದರೆ, ಅದರ ಮೂಲ ಸರ್ಟಿಫಿಕೇಟಿಗಿಂತ ಹೋಸ್ಟ್ ಸರ್ಟಿಫಿಕೇಟ್ ಹಳೆಯದಾಗಿಬಿಡುತ್ತದೆ. ಅದನ್ನು ಅದೇ ಒಪ್ಪುವುದಿಲ್ಲ. ವಿಸೆಂಟರಿನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಈ 1440 ನಿಮಿಷವನ್ನು 10ಕ್ಕೆ ಇಳಿಸಿದರೆ ತಕ್ಷಣ ಕೆಲಸ ಆಗುತ್ತದೆ. ಇಲ್ಲವೇ ಮರುದಿನದವರೆಗೆ ಕಾದರೂ ಸಾಕು. ನಾವು ಕಾದೆವು. ಆ ಹೊತ್ತಿನಲ್ಲಿ ಆಕ್ಟಿವ್ ಡೈರೆಕ್ಟರಿ ಜೋಡಣೆ, ರೋಲ್‌ಗಳು, ಫೋಲ್ಡರ್‌ಗಳು, ಖಾಲಿ ಕ್ಲಸ್ಟರ್ (ಹೋಸ್ಟ್‌ಗಳ ಗುಂಪು), ಇವನ್ನೆಲ್ಲ ಸಿದ್ಧ ಮಾಡಿಕೊಂಡೆವು. ಇಂಥ ಕೆಲಸಕ್ಕೆ ಒಂದೇ ರಾತ್ರಿ ಇಟ್ಟುಕೊಳ್ಳಬೇಡಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಖಾಲಿ ಕ್ಲಸ್ಟರ್ ಮಾಡುವಾಗಲೇ ಇವಿಸಿ ಮಟ್ಟವನ್ನು, ಅಂದರೆ ವಿಎಂಗಳಿಗೆ ಯಾವ ತಲೆಮಾರಿನ ಸಿಪಿಯು ಸೌಲಭ್ಯ ಕಾಣಬೇಕು ಎಂಬುದನ್ನು, ನಿಗದಿ ಮಾಡಬೇಕು. ನಾಲ್ಕರಲ್ಲಿ ಎರಡು ಹೋಸ್ಟ್ ಇಂಟೆಲ್ ಹ್ಯಾಸ್‌ವೆಲ್, ಎರಡು ಅದರ ಮುಂದಿನ ತಲೆಮಾರಿನ ಬ್ರಾಡ್‌ವೆಲ್. ಹಳೆಯ ಕ್ಲಸ್ಟರ್ 'ಹ್ಯಾಸ್‌ವೆಲ್' ಮಟ್ಟದಲ್ಲಿತ್ತು. ಹಾಗಾಗಿ ಬ್ರಾಡ್‌ವೆಲ್ ಹೋಸ್ಟ್ ಮೇಲಿನ ವಿಎಂಗಳೂ ಹ್ಯಾಸ್‌ವೆಲ್ ಸೌಲಭ್ಯಗಳನ್ನು ಮಾತ್ರ ನೋಡಿಕೊಂಡು ಓಡುತ್ತಿದ್ದವು. ಹೊಸ ಕ್ಲಸ್ಟರನ್ನೂ ಅದೇ ಮಟ್ಟದಲ್ಲಿ ಇಟ್ಟೆವು. ಹಳೆಯದರಲ್ಲಿ ಇವಿಸಿ ಇಲ್ಲದೇ ಇದ್ದಿದ್ದರೆ ಕಥೆ ಬೇರೆ. ಬ್ರಾಡ್‌ವೆಲ್‌ನ ಪೂರ್ತಿ ಸೌಲಭ್ಯ ಹಿಡಿದು ಎದ್ದ ವಿಎಂ ಇರುವ ಹೋಸ್ಟನ್ನು ಹ್ಯಾಸ್‌ವೆಲ್ ಕ್ಲಸ್ಟರ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆ ವಿಎಂ ಆಫ್ ಮಾಡಿ ಆನ್ ಮಾಡಲೇಬೇಕಾಗುತ್ತದೆ.

ಸ್ವಿಚ್ ಬಿಡಿಸಿಕೊಳ್ಳುವುದು

ಪ್ರತಿ ಹೋಸ್ಟ್‌ಗೆ 10 ಗಿಗಾಬಿಟ್‌ನ ಎರಡು ಕಾರ್ಡ್ ಪೋರ್ಟ್‌ಗಳು. ಎರಡೂ ಒಂದೇ ಡಿಸ್ಟ್ರಿಬ್ಯೂಟೆಡ್ ಸ್ವಿಚ್‌ಗೆ. ಮ್ಯಾನೇಜ್‌ಮೆಂಟ್, ವಿಮೋಷನ್, ವಿಎಂ ಸಂಚಾರ, ಎಲ್ಲ ಅದರ ಮೇಲೆಯೇ. ಈ ಸ್ವಿಚ್‌ನ ವ್ಯಾಖ್ಯೆ ಇರುವುದು ವಿಸೆಂಟರಿನಲ್ಲಿ, ಪ್ಯಾಕೆಟ್ ಸಾಗಿಸುವ ಭಾಗ ಮಾತ್ರ ಹೋಸ್ಟಿನಲ್ಲಿ. ಹೋಸ್ಟನ್ನು ಹಾಗೇ ಕಿತ್ತು ಬೇರೆ ವಿಸೆಂಟರ್‌ಗೆ ಸೇರಿಸಿದರೆ ಪ್ಯಾಕೆಟ್ ಸಾಗುತ್ತಲೇ ಇರುತ್ತದೆ, ಆದರೆ ಆ ಸ್ವಿಚ್ ಯಾರ ಹಿಡಿತದಲ್ಲೂ ಇರುವುದಿಲ್ಲ.

ಸ್ವಿಚ್‌ನ ಸಂರಚನೆಯನ್ನು ಎಕ್ಸ್‌ಪೋರ್ಟ್ ಮಾಡಿ, ಮೂಲ ಗುರುತುಗಳನ್ನು ಉಳಿಸಿಕೊಂಡು ಹೊಸ ವಿಸೆಂಟರಿನಲ್ಲಿ ಇಂಪೋರ್ಟ್ ಮಾಡುವ ದಾರಿ ಇದೆ. ಕೆಲಸ ಅರ್ಧಕ್ಕರ್ಧ ಕಡಿಮೆ ಆಗುತ್ತದೆ. ನಾನು ಆರಿಸಿದ್ದು ಉದ್ದದ ದಾರಿ: ಮೊದಲು ಸ್ಟ್ಯಾಂಡರ್ಡ್ ಸ್ವಿಚ್‌ಗೆ ಇಳಿಸುವುದು, ಹೋಸ್ಟ್ ದಾಟಿದ ಮೇಲೆ ಹೊಸ ಡಿಸ್ಟ್ರಿಬ್ಯೂಟೆಡ್ ಸ್ವಿಚ್‌ಗೆ ಏರಿಸುವುದು. ಸ್ಟ್ಯಾಂಡರ್ಡ್ ಸ್ವಿಚ್ ಹೋಸ್ಟಿನದೇ ಸ್ವಂತದ್ದು. ದಾಟುವ ಹೊತ್ತಿಗೆ ಆ ಹೋಸ್ಟಿನ ನೆಟ್‌ವರ್ಕ್ ಯಾವ ವಿಸೆಂಟರಿನ ಹಂಗಿನಲ್ಲೂ ಇರುವುದಿಲ್ಲ. ಪ್ರತಿ ಹೆಜ್ಜೆಯನ್ನೂ ನಿಂತು ನೋಡಿ ಮುಂದೆ ಹೋಗಬಹುದು. ಮೂರು ಪಾಳಿಯ ಕಾರ್ಖಾನೆಗೆ ಇದೇ ಸರಿ ಎಂದು ಈಗಲೂ ನನ್ನ ಅಭಿಪ್ರಾಯ.

ಈ ವಿಧಾನ ನಿಂತಿರುವುದು ಒಂದು ನಂಬಿಕೆಯ ಮೇಲೆ: ಎರಡು ಪೋರ್ಟ್‌ಗಳಲ್ಲಿ ಯಾವುದೊಂದೇ ಇದ್ದರೂ ಎಲ್ಲ ವಿಲ್ಯಾನ್‌ಗಳೂ (ಒಂದೇ ತಂತಿಯಲ್ಲಿ ಬೇರೆ ಬೇರೆಯಾಗಿ ಸಾಗುವ ನೆಟ್‌ವರ್ಕ್‌ಗಳು) ಸಾಗುತ್ತವೆ. ಮೊದಲು ಒಂದು ಪೋರ್ಟ್ ತೆಗೆದು ಸ್ಟ್ಯಾಂಡರ್ಡ್ ಸ್ವಿಚ್‌ಗೆ ಕೊಡುತ್ತೇವೆ, ಆಮೇಲೆ ವಿಎಂಗಳನ್ನು ಈ ಕಡೆಯಿಂದ ಆ ಕಡೆಗೆ ಸರಿಸುತ್ತೇವೆ. ನಂಬಿಕೆಯನ್ನು ಪರೀಕ್ಷಿಸದೆ ಮುಟ್ಟಬಾರದು. ಇಎಸ್‌ಎಕ್ಸ್‌ಐ ಪ್ರತಿ ಪೋರ್ಟಿನಲ್ಲೂ ತನಗೆ ಕಂಡ ವಿಲ್ಯಾನ್ ಮತ್ತು ಐಪಿ ವ್ಯಾಪ್ತಿಯ ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಅದನ್ನು ನಾಲ್ಕೂ ಹೋಸ್ಟ್‌ಗಳಿಂದ ತೆಗೆದು ಪಕ್ಕಪಕ್ಕ ಇಟ್ಟೆವು. ಮೂರನೇ ಹೋಸ್ಟಿನ ಎರಡನೇ ಪೋರ್ಟಿನಲ್ಲಿ ಒಂದು ವಿಲ್ಯಾನ್ ಕಾಣಲೇ ಇಲ್ಲ. ಅದು ಶಾಪ್ ಫ್ಲೋರ್ ವಿಲ್ಯಾನ್. ಯಂತ್ರಗಳ ಪಕ್ಕದ ಟರ್ಮಿನಲ್‌ಗಳು, ಲೇಬಲ್ ಪ್ರಿಂಟರ್‌ಗಳು ಮಾತಾಡುವುದು ಅದರಲ್ಲೇ.

ಕಂಡ ಪಟ್ಟಿಯಲ್ಲಿ ಇಲ್ಲ ಎಂದ ಮಾತ್ರಕ್ಕೆ ವಿಲ್ಯಾನ್ ಇಲ್ಲ ಎಂದು ಹೇಳಲು ಬರುವುದಿಲ್ಲ, ಆ ಹೊತ್ತಿಗೆ ಅಲ್ಲಿ ಪ್ಯಾಕೆಟ್ ಬಂದಿರಲಿಕ್ಕಿಲ್ಲ. ಒಂದು ಪರೀಕ್ಷಾ ವಿಎಂ ಇಟ್ಟು, ಅದರ ಪೋರ್ಟ್ ಗ್ರೂಪ್ (ಒಂದೇ ವಿಲ್ಯಾನ್, ಒಂದೇ ನಿಯಮದ ವರ್ಚುವಲ್ ಪೋರ್ಟ್‌ಗಳ ಗುಂಪು) ಆ ಒಂದೇ ಪೋರ್ಟನ್ನು ಬಳಸುವಂತೆ ಮಾಡಿ, ಒಂದೊಂದೇ ವಿಲ್ಯಾನ್‌ನ ಗೇಟ್‌ವೇಗೆ ಪಿಂಗ್ ಮಾಡಿದೆವು. ಶಾಪ್ ಫ್ಲೋರ್ ಬಿಟ್ಟು ಉಳಿದೆಲ್ಲ ಬಂತು. ಎದುರಿನ ಫಿಸಿಕಲ್ ಸ್ವಿಚ್‌ನಲ್ಲಿ ಆ ಟ್ರಂಕ್ ಪೋರ್ಟಿನ ಪಟ್ಟಿಯಿಂದ ಆ ವಿಲ್ಯಾನ್ ಬಿಟ್ಟುಹೋಗಿತ್ತು. ಆ ಹೋಸ್ಟಿನಲ್ಲಿದ್ದ ಶಾಪ್ ಫ್ಲೋರ್ ವಿಎಂಗಳು ಅಷ್ಟು ದಿನ ಮೊದಲ ಪೋರ್ಟ್ ಹಿಡಿದು ಓಡುತ್ತಿದ್ದದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ನೆಟ್‌ವರ್ಕ್ ತಂಡದವರು ಅದನ್ನು ಸೇರಿಸಿದರು, ಎರಡೇ ನಿಮಿಷದ ಕೆಲಸ. ಪರೀಕ್ಷೆ ಇಲ್ಲದೆ ಹೋಗಿದ್ದರೆ ಮೂರನೇ ಹೋಸ್ಟಿನ ಸರದಿಯಲ್ಲಿ ಲೇಬಲ್ ಪ್ರಿಂಟಿಂಗ್ ನಿಂತು ಸಾಲು ಸಾಲು ಪೆಟ್ಟಿಗೆಗಳು ಗೋದಾಮಿನ ಬಾಗಿಲಲ್ಲಿ ನಿಲ್ಲುತ್ತಿದ್ದವು. ದೂರು ಬರುತ್ತಿದ್ದದ್ದು ವಿಸೆಂಟರ್ ಮೇಲೆ.

ಇನ್ನೂ ಕೆಲವು ಹೊಂದಿಕೆಗಳನ್ನು ನೋಡಬೇಕಿತ್ತು. ಎರಡು ತಂತಿಗಳನ್ನು ಒಂದಾಗಿ ಕಟ್ಟುವ ಎಲ್‌ಎಸಿಪಿ ಇದೆಯೇ? ಸ್ಟ್ಯಾಂಡರ್ಡ್ ಸ್ವಿಚ್‌ಗೆ ಎಲ್‌ಎಸಿಪಿ ಗೊತ್ತಿಲ್ಲ. ಇದ್ದಿದ್ದರೆ ಫಿಸಿಕಲ್ ಸ್ವಿಚ್ ಕಡೆಯೂ ಬಿಚ್ಚಬೇಕಾಗುತ್ತಿತ್ತು. ಇಲ್ಲಿ ಇರಲಿಲ್ಲ. ಹೊರೆ ಹಂಚಿಕೆ 'ಫಿಸಿಕಲ್ ನಿಕ್ ಲೋಡ್' ಆಧಾರದಲ್ಲಿತ್ತು, ಅದು ಡಿಸ್ಟ್ರಿಬ್ಯೂಟೆಡ್ ಸ್ವಿಚ್‌ನಲ್ಲಿ ಮಾತ್ರ ಸಿಗುವುದು. ಸ್ಟ್ಯಾಂಡರ್ಡ್‌ನಲ್ಲಿ ವರ್ಚುವಲ್ ಪೋರ್ಟ್ ಆಧಾರದ್ದನ್ನು ಇಟ್ಟೆವು. ವಿಮೋಷನ್‌ಗೆ ಎಂಟಿಯು, ಅಂದರೆ ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ, 9000 ಬೈಟ್ ಇತ್ತು. ಹೊಸ ಸ್ಟ್ಯಾಂಡರ್ಡ್ ಸ್ವಿಚ್ 1500ರಲ್ಲೇ ಹುಟ್ಟುತ್ತದೆ, ಅದನ್ನು ಮೊದಲೇ 9000ಕ್ಕೆ ಏರಿಸಬೇಕು. ಭದ್ರತಾ ನಿಯಮಗಳನ್ನು ಒಂದೊಂದು ಪೋರ್ಟ್ ಗ್ರೂಪಿಗೂ ಹೋಲಿಸಬೇಕು. ಎರಡು ಲೋಡ್ ಬ್ಯಾಲೆನ್ಸರ್ ವಿಎಂಗಳು ಒಂದೇ ಐಪಿಯನ್ನು ಹಂಚಿಕೊಂಡು ಬದಲಾಯಿಸಿಕೊಳ್ಳುತ್ತಿದ್ದವು. ಅವುಗಳ ಗುಂಪಿನಲ್ಲಿ 'ಫೋರ್ಜ್ಡ್ ಟ್ರಾನ್ಸ್‌ಮಿಟ್'ಗೆ, ಅಂದರೆ ತನ್ನದಲ್ಲದ ಮ್ಯಾಕ್ ವಿಳಾಸದಿಂದ (ನೆಟ್‌ವರ್ಕ್ ಕಾರ್ಡಿನ ಗುರುತಿನಿಂದ) ಪ್ಯಾಕೆಟ್ ಕಳಿಸುವುದಕ್ಕೆ, ಒಪ್ಪಿಗೆ ಇರಲೇಬೇಕು.

ಪೋರ್ಟ್ ಗ್ರೂಪ್‌ಗಳನ್ನು ಕೈಯಿಂದ ಬರೆಯಲೇ ಇಲ್ಲ. ಹೆಸರು, ವಿಲ್ಯಾನ್ ಸಂಖ್ಯೆ, ನಿಯಮಗಳ ಒಂದು ಪಟ್ಟಿ ಮಾಡಿ ಪವರ್‌ಸಿಎಲ್‌ಐ ಸ್ಕ್ರಿಪ್ಟ್‌ನಿಂದ ನಾಲ್ಕೂ ಹೋಸ್ಟ್‌ಗಳಲ್ಲಿ ಒಂದೇ ರೀತಿ ಹುಟ್ಟಿಸಿದೆವು. ಸ್ಟ್ಯಾಂಡರ್ಡ್ ಸ್ವಿಚ್‌ಗಳ ನಡುವೆ ವಿಮೋಷನ್ ಆಗಬೇಕಾದರೆ ಎರಡೂ ಹೋಸ್ಟ್‌ಗಳಲ್ಲಿ ಪೋರ್ಟ್ ಗ್ರೂಪಿನ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಎಲ್ಲೋ ಒಂದು ಸ್ಪೇಸ್ ಜಾಸ್ತಿ ಬಿದ್ದರೂ ಆಗುವುದಿಲ್ಲ.

ಒಂದು ಹೋಸ್ಟಿನ ಕ್ರಮ ಹೀಗೆ. ಎರಡನೇ ಪೋರ್ಟನ್ನು ಡಿಸ್ಟ್ರಿಬ್ಯೂಟೆಡ್ ಸ್ವಿಚ್‌ನಿಂದ ತೆಗೆದು ಸ್ಟ್ಯಾಂಡರ್ಡ್ ಸ್ವಿಚ್‌ಗೆ ಸೇರಿಸುವುದು. ಸ್ವಲ್ಪ ಹೊತ್ತು ಸುಮ್ನೆ ನೋಡುವುದು. ಆಮೇಲೆ ವಿಮೋಷನ್‌ನ ವಿಎಂಕರ್ನಲ್ ಪೋರ್ಟ್ (ಹೋಸ್ಟಿನ ಸ್ವಂತ ಸಂಚಾರಕ್ಕೆ ಇರುವುದು), ನಂತರ ಮ್ಯಾನೇಜ್‌ಮೆಂಟ್‌ನದು. ಮ್ಯಾನೇಜ್‌ಮೆಂಟ್ ಸರಿಸುವಾಗ ಹೋಸ್ಟ್ ವಿಸೆಂಟರಿನಿಂದ ಕಳಚಿಕೊಂಡರೆ ಬದಲಾವಣೆ ತಾನಾಗಿಯೇ ಹಿಂದಕ್ಕೆ ಹೋಗುತ್ತದೆ, ಈ ರಕ್ಷಣೆ 5.1ರಿಂದಲೇ ಇದೆ. ಆದರೂ ಸರ್ವರಿನ ರಿಮೋಟ್ ಕನ್ಸೋಲ್ ತೆರೆದಿಟ್ಟುಕೊಂಡೇ ಮಾಡಿದೆವು. ಕೊನೆಗೆ ವಿಎಂಗಳು. ಮೊದಲು ಯಾರೂ ಬಳಸದ ಒಂದು, ನಂತರ ಮುಖ್ಯವಲ್ಲದ ಕೆಲವು, ಆಮೇಲೆ ಡೇಟಾಬೇಸ್. ಓಡುತ್ತಿರುವ ವಿಎಂನ ನೆಟ್‌ವರ್ಕ್ ಕಾರ್ಡನ್ನು ಬೇರೆ ಪೋರ್ಟ್ ಗ್ರೂಪಿಗೆ ಜೋಡಿಸಿದ ತಕ್ಷಣ ಹೋಸ್ಟ್ ಫಿಸಿಕಲ್ ಸ್ವಿಚ್‌ಗೆ ಒಂದು ಸೂಚನೆ ಕಳಿಸುತ್ತದೆ: ಈ ಮ್ಯಾಕ್ ವಿಳಾಸ ಈಗ ಈ ಪೋರ್ಟಿನಲ್ಲಿದೆ. ಸ್ವಿಚ್ ತನ್ನ ಪಟ್ಟಿ ತಿದ್ದಿಕೊಳ್ಳುತ್ತದೆ. ಹೊರಗಿನಿಂದ ಬಿಡದೆ ಪಿಂಗ್ ಮಾಡುತ್ತಿದ್ದ ಕಿಟಕಿಯಲ್ಲಿ ಹೆಚ್ಚೆಂದರೆ ಒಂದು ಪಿಂಗ್ ತಪ್ಪುತ್ತಿತ್ತು, ಎಷ್ಟೋ ವಿಎಂಗಳಿಗೆ ಅದೂ ಇಲ್ಲ. ಟಿಸಿಪಿ ಸಂಪರ್ಕಗಳು ಒಂದೂ ಕಡಿಯಲಿಲ್ಲ. ಎಲ್ಲ ಸರಿದ ಮೇಲೆ ಮೊದಲ ಪೋರ್ಟನ್ನೂ ತಂದು, ಹೋಸ್ಟನ್ನು ಡಿಸ್ಟ್ರಿಬ್ಯೂಟೆಡ್ ಸ್ವಿಚ್‌ನಿಂದ ಬಿಡಿಸಿದೆವು.

ನಡುವಿನ ಆ ಹೊತ್ತಿನಲ್ಲಿ ಪ್ರತಿ ವಿಎಂ ಒಂದೇ ತಂತಿಯ ಮೇಲೆ ನಿಂತಿರುತ್ತದೆ. ಆಗ ಆ ಕಡೆಯ ಸ್ವಿಚ್ ಕೈಕೊಟ್ಟರೆ ಬದಲಿ ಇಲ್ಲ. ಅದಕ್ಕೇ ಒಂದು ಸಲಕ್ಕೆ ಒಂದೇ ಹೋಸ್ಟ್. ಆ ಹೊತ್ತಿನಲ್ಲಿ ಸ್ವಿಚ್‌ಗಳನ್ನು ಯಾರೂ ಮುಟ್ಟಬಾರದು ಎಂದು ನೆಟ್‌ವರ್ಕ್ ತಂಡದವರ ಜೊತೆ ಲಿಖಿತವಾಗಿಯೇ ಮಾತಾಗಿತ್ತು.

ದಾಟಿಸುವುದು

ಇಷ್ಟಾದ ಮೇಲೆ ಹೋಸ್ಟ್ ದಾಟಿಸುವುದು ಎಲ್ಲಕ್ಕಿಂತ ಚಿಕ್ಕ ಕೆಲಸ. ಹಳೆಯ ಕ್ಲಸ್ಟರಿನಲ್ಲಿ ಡಿಆರ್‌ಎಸ್ ಅನ್ನು ಮ್ಯಾನ್ಯುಯಲ್‌ಗೆ ಹಾಕಿದೆವು. ಪೂರ್ತಿ ಆಫ್ ಮಾಡಿದರೆ ಸಿಪಿಯು, ಮೆಮೊರಿ ಹಂಚುವ ರಿಸೋರ್ಸ್ ಪೂಲ್‌ಗಳೆಲ್ಲ ಅಳಿದುಹೋಗುತ್ತವೆ, ಅದನ್ನು ಮಾಡಬಾರದು. ಎಚ್‌ಎಯನ್ನು ದಾಟಿಸುವ ಹೊತ್ತಿಗೆ ಮಾತ್ರ ಆಫ್ ಮಾಡಿ, ಉಳಿದ ಹೋಸ್ಟ್‌ಗಳಿಗಾಗಿ ಮತ್ತೆ ಆನ್ ಮಾಡಿದೆವು. ವಿಎಂ ಫೈಲ್‌ಗಳು ಇರುವ ಡೇಟಾಸ್ಟೋರ್‌ಗಳು ಸ್ವಲ್ಪ ದಿನ ಎರಡು ವಿಸೆಂಟರ್‌ಗಳ ಕಣ್ಣಿಗೂ ಬೀಳುತ್ತವೆ. ಅವುಗಳ ಫೈಲ್ ವ್ಯವಸ್ಥೆಯಾದ ವಿಎಂಎಫ್‌ಎಸ್‌ಗೆ ಅದರಿಂದ ತೊಂದರೆ ಇಲ್ಲ, ಫೈಲ್ ಬೀಗ ಹೋಸ್ಟ್ ಮಟ್ಟದಲ್ಲೇ ಇರುತ್ತದೆ. ಆದರೆ ಸ್ಟೋರೇಜಿನ ಹೊರೆ ಹಂಚುವ ಸ್ಟೋರೇಜ್ ಐಓ ಕಂಟ್ರೋಲ್ ಮತ್ತು ಸ್ಟೋರೇಜ್ ಡಿಆರ್‌ಎಸ್ ಒಂದೇ ವಿಸೆಂಟರ್ ಇದೆ ಎಂದುಕೊಂಡು ನಡೆಯುವಂಥವು, ಅವೆರಡನ್ನೂ ನಿಲ್ಲಿಸಿದೆವು. ಬ್ಯಾಕಪ್ ವೇಳಾಪಟ್ಟಿಯನ್ನೂ ತಡೆಹಿಡಿದೆವು.

ಆಮೇಲೆ ಹಳೆಯದರಲ್ಲಿ ಹೋಸ್ಟನ್ನು ಡಿಸ್ಕನೆಕ್ಟ್ ಮಾಡಿ ಇನ್ವೆಂಟರಿಯಿಂದ ತೆಗೆಯುವುದು. ಡಿಸ್ಕನೆಕ್ಟ್ ಆದ ಹೋಸ್ಟನ್ನು ತೆಗೆಯಲು ಮೇಂಟೆನೆನ್ಸ್ ಮೋಡ್ ಬೇಕಿಲ್ಲ, ಇಡೀ ವಿಧಾನದ ಕೀಲಿ ಇದೇ. ಹೊಸದರಲ್ಲಿ ರೂಟ್ ಪಾಸ್‌ವರ್ಡ್ ಕೊಟ್ಟು, ಹೋಸ್ಟ್ ಸರ್ಟಿಫಿಕೇಟಿನ ಗುರುತಾದ ತಂಬ್‌ಪ್ರಿಂಟ್ ಒಪ್ಪಿ ಸೇರಿಸುವುದು. ಹೊಸ ವಿಸೆಂಟರ್ ತನ್ನ ಏಜೆಂಟನ್ನು ಹೋಸ್ಟಿನಲ್ಲಿ ಹಾಕುತ್ತದೆ, ತಾನು ಹೋಸ್ಟಿಗೆ ಲಾಗಿನ್ ಆಗುವ ವಿಪಿಎಕ್ಸ್‌ಯೂಸರ್ ಖಾತೆಗೆ ತನ್ನದೇ ಪಾಸ್‌ವರ್ಡ್ ಇಡುತ್ತದೆ, ತನ್ನ ಸಹಿಯ ಸರ್ಟಿಫಿಕೇಟ್ ಕೊಡುತ್ತದೆ. ಹೋಸ್ಟಿಗೆ ನೇರ ಲಾಗಿನ್ ತಡೆಯುವ ಲಾಕ್‌ಡೌನ್ ಮೋಡ್ ಇದ್ದರೆ ಮೊದಲೇ ತೆಗೆದಿರಬೇಕು. ನಡುವೆ ಫೈರ್‌ವಾಲ್ ಇದ್ದರೆ 443 ಮತ್ತು 902 ಪೋರ್ಟ್‌ಗಳು ತೆರೆದಿರಬೇಕು. 902 ಯುಡಿಪಿ ಮುಚ್ಚಿದ್ದರೆ ಹೋಸ್ಟ್ ಸೇರಿ ಸ್ವಲ್ಪ ಹೊತ್ತಿಗೆ 'ನಾಟ್ ರೆಸ್ಪಾಂಡಿಂಗ್' ಆಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. 7.0ರಲ್ಲಿ ಹೋಸ್ಟನ್ನು ನೇರವಾಗಿ ಕ್ಲಸ್ಟರಿಗೆ ಸೇರಿಸಲು ಹೋದರೆ, ಹೋಸ್ಟ್ ಮೇಂಟೆನೆನ್ಸ್ ಮೋಡ್‌ಗೆ ಹೋಗುತ್ತದೆ, ವಿಎಂಗಳನ್ನು ಆಫ್ ಮಾಡಬೇಕಾಗಬಹುದು ಎಂದು ಆ ಪರದೆಯೇ ಹೇಳುತ್ತದೆ. ಅದನ್ನು ಓದದೆ ಮುಂದೆ ಒತ್ತುವವರು ಇದ್ದಾರೆ. ನಾವು ಹೋಸ್ಟನ್ನು ಮೊದಲು ಡೇಟಾಸೆಂಟರ್ ಕೆಳಗೆ ಒಂಟಿಯಾಗಿ ಸೇರಿಸಿ, ಆಮೇಲೆ ಎಳೆದು ಕ್ಲಸ್ಟರಿನೊಳಗೆ ಬಿಟ್ಟೆವು. ವಿಎಂಗಳು ಓಡುತ್ತಲೇ ಇದ್ದವು.

ಎರಡನೇ ಹೋಸ್ಟ್ ಬಂದ ತಕ್ಷಣ ಹೊಸ ಕ್ಲಸ್ಟರಿನಲ್ಲಿ ಎಚ್‌ಎ ಆನ್ ಮಾಡಿ, ಎರಡರ ನಡುವೆ ವಿಮೋಷನ್ ಆಗುತ್ತದೆಯೇ ಎಂದು ನೋಡಿದೆವು. ಮೂರನೆಯದು ವೇಬ್ರಿಡ್ಜ್ ಇದ್ದ ಹೋಸ್ಟ್. ಅದನ್ನು ದಾಟಿಸುವಾಗ ಗೇಟಿನಲ್ಲಿ ಒಬ್ಬರನ್ನು ನಿಲ್ಲಿಸಿದ್ದೆವು. ತೂಕ ಬರುತ್ತಲೇ ಇತ್ತು. ಹಳೆಯ ವಿಸೆಂಟರ್ ಮತ್ತು ಪಿಎಸ್‌ಸಿ ವಿಎಂಗಳನ್ನು ಉದ್ದೇಶಪೂರ್ವಕವಾಗಿ ನಾಲ್ಕನೇ ಹೋಸ್ಟಿನಲ್ಲಿ ಇಟ್ಟುಕೊಂಡಿದ್ದೆವು. ಹಳೆಯ ವಿಸೆಂಟರ್ ತಾನು ಕೂತಿರುವ ಹೋಸ್ಟನ್ನೇ ಕೊನೆಗೆ ಬಿಟ್ಟುಕೊಡುತ್ತದೆ. ಕೇಳಲು ವಿಚಿತ್ರ, ಆದರೆ ಏನೂ ಆಗುವುದಿಲ್ಲ. ಅದೂ ಇನ್ನೊಂದು ವಿಎಂ ಅಷ್ಟೇ.

ಡೇಟಾಬೇಸಿನಲ್ಲಿ ಮಾತ್ರ ಇದ್ದದ್ದು

ಹೊಸ ವಿಸೆಂಟರಿನಲ್ಲಿ ಎಲ್ಲ ವಿಎಂಗಳೂ 'ಡಿಸ್ಕವರ್ಡ್ ವರ್ಚುವಲ್ ಮಶೀನ್' ಎಂಬ ಒಂದೇ ಫೋಲ್ಡರಿಗೆ ಬಂದು ಬೀಳುತ್ತವೆ. ವಿಎಂನ ಟಿಪ್ಪಣಿ ಅದರ ಫೈಲಿನಲ್ಲೇ ಇರುವುದರಿಂದ ಜೊತೆಗೆ ಬರುತ್ತದೆ. ಫೋಲ್ಡರ್, ಟ್ಯಾಗ್, ಅನುಮತಿ, ಕಸ್ಟಮ್ ಆಟ್ರಿಬ್ಯೂಟ್, ಅಲಾರಂ, ರಿಸೋರ್ಸ್ ಪೂಲ್, ಡಿಆರ್‌ಎಸ್ ನಿಯಮ, ಇವು ಬರುವುದಿಲ್ಲ. ಇವನ್ನು ಮೊದಲೇ ಪವರ್‌ಸಿಎಲ್‌ಐನಿಂದ ಫೈಲಿಗೆ ತೆಗೆದಿಟ್ಟಿದ್ದೆವು. ಗುರುತಿಗೆ ವಿಎಂ ಹೆಸರಿನ ಬದಲು ಪ್ರತಿ ವಿಎಂಗೂ ಬೇರೆಯೇ ಇರುವ ಇನ್‌ಸ್ಟನ್ಸ್ ಯುಯುಐಡಿ ಬಳಸಿದೆವು. ಬೇರೆ ಬೇರೆ ಫೋಲ್ಡರಿನಲ್ಲಿ ಒಂದೇ ಹೆಸರಿನ ವಿಎಂ ಇರಲು ಸಾಧ್ಯ. ಅನುಮತಿಗಳನ್ನು ಮಾತ್ರ ಹಾಗೇ ಸುರಿಯಲಿಲ್ಲ. ವಿಭಾಗದವರನ್ನು ಕೂರಿಸಿಕೊಂಡು ಯಾರಿಗೆ ಏನು ಬೇಕು ಎಂದು ಕೇಳಿ ಗುಂಪುಗಳಿಗೆ ಕೊಟ್ಟೆವು. ಬೇಸರದ ಕೆಲಸ, ಆದರೆ ಹೊಸದಾಗಿ ಶುರು ಮಾಡಿದ್ದಕ್ಕೆ ಸಿಕ್ಕ ದೊಡ್ಡ ಲಾಭ ಅದೇ. ಹಳೆಯ ಪರ್ಫಾರ್ಮೆನ್ಸ್ ಇತಿಹಾಸವನ್ನು ಬಿಟ್ಟುಬಿಟ್ಟೆವು.

ಜನ ಮರೆಯುವ ಒಂದು ವಿಷಯ ಮ್ಯಾಕ್ ವಿಳಾಸ. ವಿಸೆಂಟರ್ ಹಂಚುವ ಮ್ಯಾಕ್ ವಿಳಾಸದ ನಾಲ್ಕನೇ ಭಾಗದಲ್ಲಿ ಆ ವಿಸೆಂಟರಿನ ಗುರುತು ಸಂಖ್ಯೆ ಅಡಗಿರುತ್ತದೆ, 0ರಿಂದ 63ರವರೆಗಿನ ಒಂದು ಸಂಖ್ಯೆ. ಹಳೆಯದು, ಹೊಸದು ಎರಡರದ್ದೂ ಒಂದೇ ಆಗಿದ್ದರೆ, ಹೊಸದಾಗಿ ಹುಟ್ಟುವ ವಿಎಂಗೆ ಹಳೆಯ ಕಡೆ ಓಡುತ್ತಿರುವ ವಿಎಂನ ಮ್ಯಾಕ್ ಸಿಗಬಹುದು. ಎರಡನ್ನೂ ನೋಡಿ ಬೇರೆ ಬೇರೆ ಮಾಡಿದೆವು.

ಇನ್ನು ಬ್ಯಾಕಪ್. ಬ್ಯಾಕಪ್ ಸಾಫ್ಟ್‌ವೇರ್‌ಗಳು ವಿಎಂಗಳನ್ನು ಸಾಮಾನ್ಯವಾಗಿ ವಿಸೆಂಟರ್ ಕೊಟ್ಟ ಒಳಗಿನ ಗುರುತಿನಿಂದ ಹಿಡಿಯುತ್ತವೆ. ವಿಸೆಂಟರ್ ಬದಲಾದರೆ ಆ ಗುರುತು ಬದಲಾಗುತ್ತದೆ. ಸಾಫ್ಟ್‌ವೇರಿನ ಕಣ್ಣಿಗೆ ಎಲ್ಲವೂ ಹೊಸ ವಿಎಂ. ಎಲ್ಲವನ್ನೂ ಮೊದಲಿನಿಂದ ಪೂರ್ತಿ ತೆಗೆದುಕೊಳ್ಳಲು ಶುರು ಮಾಡುತ್ತದೆ. 80 ವಿಎಂಗಳ ಪೂರ್ಣ ಬ್ಯಾಕಪ್ ಒಂದೇ ರಾತ್ರಿ ಬಿದ್ದರೆ ಡಿಸ್ಕೂ ಸಾಲದು, ಬೆಳಗಿನ ಪಾಳಿಗೆ ಸ್ಟೋರೇಜ್ ಕೂಡ ನಿಧಾನ ಆಗುತ್ತದೆ. ಹೋಸ್ಟ್‌ಗಳನ್ನು ದಿನ ಬಿಟ್ಟು ದಿನ ದಾಟಿಸಿದ್ದಕ್ಕೆ ಇದೂ ಕಾರಣ. ಬಂದಷ್ಟು ವಿಎಂಗಳ ಪೂರ್ಣ ಬ್ಯಾಕಪ್ ಮುಗಿದ ಮೇಲೆಯೇ ಮುಂದಿನ ಹೋಸ್ಟ್. ಹಳೆಯ ಬ್ಯಾಕಪ್ ಸರಣಿಯನ್ನು ಉಳಿಸುವ ಅವಧಿ ಮುಗಿಯುವವರೆಗೆ ಮುಟ್ಟಲಿಲ್ಲ, ಅದಕ್ಕಾಗುವ ಜಾಗವನ್ನು ಮೊದಲೇ ಲೆಕ್ಕ ಹಾಕಿ ಕೇಳಿಕೊಂಡಿದ್ದೆವು.

ಮತ್ತೆ ಮೇಲಕ್ಕೆ

ನಾಲ್ಕೂ ಬಂದ ಮೇಲೆ ಹೊಸ ಡಿಸ್ಟ್ರಿಬ್ಯೂಟೆಡ್ ಸ್ವಿಚ್ ಮಾಡಿದೆವು. ಹೋಸ್ಟ್‌ಗಳು ಇನ್ನೂ 6.5, ಹಾಗಾಗಿ ಸ್ವಿಚ್‌ನ ಆವೃತ್ತಿಯೂ 6.5. 7.0 ಸ್ವಿಚ್‌ಗೆ 7.0 ಹೋಸ್ಟೇ ಬೇಕು. ಇಳಿಸಿದ ಕ್ರಮವನ್ನೇ ತಿರುವಿ ಏರಿಸಿದೆವು. ಈ ಸಲ ಎಲ್ಲವೂ ಎಚ್‌ಟಿಎಂಎಲ್5 ಪರದೆಯಲ್ಲೇ ಆಯಿತು. ಹೊಸ ವಿಸೆಂಟರ್ ವಿಎಂ ಇರುವ ಪೋರ್ಟ್ ಗ್ರೂಪನ್ನು ಮಾತ್ರ 'ಎಫೆಮೆರಲ್' ಬೈಂಡಿಂಗ್‌ನಲ್ಲಿ ಇಟ್ಟೆವು, ಅಲ್ಲಿ ಪೋರ್ಟನ್ನು ಹೋಸ್ಟೇ ಕೊಡುತ್ತದೆ. ಸ್ಟ್ಯಾಟಿಕ್ ಬೈಂಡಿಂಗ್‌ನಲ್ಲಿ ಪೋರ್ಟ್ ಹಂಚುವುದು ವಿಸೆಂಟರ್. ಅದೇ ಬಿದ್ದಿರುವಾಗ ಅದನ್ನು ಎಬ್ಬಿಸಲು ಪೋರ್ಟ್ ಕೊಡುವವರು ಇರುವುದಿಲ್ಲ.

ನಂತರ ವಿಸೆಂಟರಿನೊಳಗಿನ ಲೈಫ್‌ಸೈಕಲ್ ಮ್ಯಾನೇಜರ್ ಮೂಲಕ ಒಂದೊಂದೇ ಹೋಸ್ಟ್ ಖಾಲಿ ಮಾಡಿ ಇಎಸ್‌ಎಕ್ಸ್‌ಐ 7.0ಕ್ಕೆ ಏರಿಸಿದೆವು. ಅಪ್‌ಡೇಟ್ 3ರ ಮೊದಲ ಬಿಡುಗಡೆಗಳನ್ನು ವಿಎಂವೇರ್ 2021ರ ನವೆಂಬರಿನಲ್ಲಿ ಹಿಂದಕ್ಕೆ ಪಡೆದಿತ್ತು, ಹಾಗಾಗಿ 2022ರಲ್ಲಿ ಬಂದ ಮುಂದಿನ ಬಿಡುಗಡೆಯನ್ನೇ ಆರಿಸಿದೆವು. 7.0ರಲ್ಲಿ ಹಳೆಯ ಲಿನಕ್ಸ್ ಮಾದರಿಯ ಡ್ರೈವರ್‌ಗಳು ಇಲ್ಲ, ಆದ್ದರಿಂದ ನೆಟ್‌ವರ್ಕ್ ಮತ್ತು ಫೈಬರ್ ಚಾನೆಲ್ ಕಾರ್ಡ್‌ಗಳನ್ನು ಹೊಂದಾಣಿಕೆ ಪಟ್ಟಿಯಲ್ಲಿ ನೋಡಿಕೊಂಡೇ ಮುಂದೆ ಹೋದೆವು. ಹೋಸ್ಟ್‌ಗಳು ಎಸ್‌ಡಿ ಕಾರ್ಡಿನಿಂದ ಬೂಟ್ ಆಗುತ್ತಿದ್ದವು. 7.0 ಬೂಟ್ ಡಿಸ್ಕಿಗೆ ಬರೆಯುವುದು ಜಾಸ್ತಿ, ಎಸ್‌ಡಿ ಕಾರ್ಡ್ ಬೇಗ ಸವೆಯುತ್ತದೆ. ಏರಿಸುವ ಮೊದಲೇ ಚಿಕ್ಕ ಎಸ್‌ಎಸ್‌ಡಿಗಳನ್ನು ಹಾಕಿಸಿದೆವು.

ಮೂರು ಹೋಸ್ಟ್ ವಿಎಂ ನಿಲ್ಲದೆ ಮುಗಿದವು. ವೇಬ್ರಿಡ್ಜ್ ಹೋಸ್ಟ್ ಉಳಿಯಿತು. ಅದನ್ನು ರೀಬೂಟ್ ಮಾಡದೆ ಏರಿಸಲು ಬರುವುದಿಲ್ಲ, ಆ ವಿಎಂ ಬೇರೆ ಕಡೆ ಹೋಗುವುದೂ ಇಲ್ಲ. ಇದನ್ನು ಮೊದಲ ಸಭೆಯಲ್ಲೇ ಹೇಳಿದ್ದೆವು: ವಿಸೆಂಟರ್ ಬದಲಾವಣೆಗೆ ಏನೂ ನಿಲ್ಲುವುದಿಲ್ಲ, ಇಎಸ್‌ಎಕ್ಸ್‌ಐ ಏರಿಸುವಾಗ ಆ ಒಂದು ವಿಎಂ ನಿಲ್ಲುತ್ತದೆ. ದಿನ ಆರಿಸಿದ್ದು ಉತ್ಪಾದನಾ ಮ್ಯಾನೇಜರೇ. ಆಯುಧಪೂಜೆ. ವರ್ಷದಲ್ಲಿ ಎಲ್ಲ ಯಂತ್ರಗಳೂ ತೊಳೆಸಿಕೊಂಡು, ಕುಂಕುಮ ಹಚ್ಚಿಸಿಕೊಂಡು ಸುಮ್ಮನೆ ನಿಲ್ಲುವ ದಿನ, ಲಾರಿಯೂ ಬರುವುದಿಲ್ಲ. 2022ರಲ್ಲಿ ಅದು ಅಕ್ಟೋಬರ್ 4ಕ್ಕೆ ಬಿದ್ದಿತ್ತು, ಬೆಂಬಲ ಮುಗಿಯುವ ತಾರೀಖಿಗೆ 11 ದಿನ ಮೊದಲು. ಆ ದಿನ ವೇಬ್ರಿಡ್ಜ್ ವಿಎಂ ಆಫ್ ಮಾಡಿ, ಹೋಸ್ಟ್ ಏರಿಸಿ, ಸೀರಿಯಲ್ ಕಾರ್ಡ್ ಇನ್ನೂ ಪಾಸ್‌ಥ್ರೂ ಪಟ್ಟಿಯಲ್ಲಿದೆಯೇ ಎಂದು ನೋಡಿ, ವಿಎಂ ಆನ್ ಮಾಡಿ, ಕಾರ್ಖಾನೆಯದೇ ಒಂದು ಗಾಡಿಯನ್ನು ತೂಕಕ್ಕೆ ಹತ್ತಿಸಿ ಪರೀಕ್ಷಿಸಿದೆವು. ಆಮೇಲೆ ಡಿಸ್ಟ್ರಿಬ್ಯೂಟೆಡ್ ಸ್ವಿಚ್‌ನ ಆವೃತ್ತಿಯನ್ನು 7.0ಕ್ಕೆ ಏರಿಸಿದೆವು.

7.0ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 2ಕ್ಕೆ ಮುಗಿದಿದೆ. ಈಗ 8.0ಕ್ಕೆ ಹೋಗುವವರಿಗೂ ಈ ಕ್ರಮ ಹೆಚ್ಚೂಕಡಿಮೆ ಹೀಗೇ ನಡೆಯುತ್ತದೆ. ಒಂದು ಮಾತ್ರ ಗಮನಿಸಿ: ವಿಸೆಂಟರ್ 8.0 ನಮ್ಮ ಹೋಸ್ಟ್‌ಗಳಂಥ 6.5 ಹೋಸ್ಟನ್ನು ಸೇರಿಸಿಕೊಳ್ಳುವುದಿಲ್ಲ. ಅಂಥವು ಇನ್ನೂ ಇದ್ದರೆ ಮೊದಲು ಹೋಸ್ಟನ್ನು ಮೇಲಕ್ಕೆ ತರಬೇಕು.

ಹಳೆಯ ವಿಸೆಂಟರ್ ಮತ್ತು ಪಿಎಸ್‌ಸಿ ವಿಎಂಗಳನ್ನು ಆಫ್ ಮಾಡಿ, ನೆಟ್‌ವರ್ಕ್ ಕಾರ್ಡ್ ಬಿಡಿಸಿ ಹಾಗೇ ಇಟ್ಟೆವು. ಯಾರಾದರೂ ಗೊತ್ತಿಲ್ಲದೆ ಆನ್ ಮಾಡಿದರೂ ಅದು ಹೋಸ್ಟ್‌ಗಳನ್ನು ಹುಡುಕಿಕೊಂಡು ಹೋಗಬಾರದು. ಆ ವರ್ಷದ ಆಡಿಟ್ ಮುಗಿದು, ಹಳೆಯ ಲಾಗ್‌ಗಳು ಇನ್ನು ಬೇಡ ಎಂದು ಕಾರ್ಖಾನೆಯವರಿಂದ ಬರವಣಿಗೆಯಲ್ಲಿ ಬಂದ ಮೇಲೆ ಎರಡನ್ನೂ ಅಳಿಸಿ, ಡಿಎನ್‌ಎಸ್‌ನಿಂದ ಅವುಗಳ ಹೆಸರನ್ನೂ ತೆಗೆದೆವು.